ನೋಡಲು ಹೋದ ಅಕ್ಕ

ಡೊಂಬಿವಿಲಿಯಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಉಡುಪಿಯ ಅಕ್ಕ, ಬ್ಯಾಂಕಿನಿಂದ ನಿವೃತ್ತರಾದ ವರ್ಷ ಒಬ್ಬರೇ ಸಿಂಗಾಪುರಕ್ಕೆ ಹೋಗಿಬಂದರು. ಏನೇನು ನೋಡಿದಿರಿ ಎಂದು ಕೇಳಿದರೆ, "ಜನ ನೋಡಿದೆ ಮಾರಾಯ್ತಿ, ಮತ್ತೆಂತ ಉಂಟು ನೋಡ್ಲಿಕ್ಕೆ?" ಎನ್ನುತ್ತಿದ್ದರು. ಆಮೇಲೆ ಮೆಟ್ಟಿಲ ಮೇಲೆಯೇ ನಿಂತು, ಐಸ್‌ಕ್ರೀಮು ತಿನ್ನುತ್ತ ಜಗಳವಾಡುವ ಗಂಡಹೆಂಡಿರನ್ನೋ, ನಾಯಿಯನ್ನು ತಳ್ಳುಗಾಡಿಯಲ್ಲಿ ಕೂರಿಸಿ ತಾನು ಏದುಸಿರು ಬಿಡುವ ಅಜ್ಜಿಯನ್ನೋ ಅಭಿನಯಿಸಿ ತೋರಿಸುತ್ತಿದ್ದರು. ತಾವು ನೋಡುತ್ತಿರುವುದು ಯಾರಿಗೂ ತಿಳಿಯುವುದಿಲ್ಲ ಎಂಬುದು ಅವರ ಹೆಮ್ಮೆಯಾಗಿತ್ತು.

ಒಂದು ಸಂಜೆ ಮಾತ್ರ ಕೊಂಚ ಸಪ್ಪಗೆ ಹೇಳಿದರು. ಅಲ್ಲಿನ ಪಾರ್ಕಿನಲ್ಲಿ ಎದುರು ಬೆಂಚಿನ ಮೀಸೆಯವನೊಬ್ಬನನ್ನು ಮೂರು ದಿನ ಗಮನಿಸಿದ್ದರಂತೆ. ನಾಲ್ಕನೆಯ ದಿನ ಅವನೇ ಎದ್ದು ಬಂದು, "ಆಂಟಿ, ಡೊಂಬಿವಿಲಿ ಸೇ ಹೋ ಕ್ಯಾ?" ಎಂದು ಹಿಂದಿಯಲ್ಲಿ ಊರು ವಿಚಾರಿಸಿದನಂತೆ.

"ಅವನಿಗೆ ಹೇಗೆ ಗೊತ್ತಾಯ್ತು?" ಎಂದೆ.

"ನೀರು ತರ್ಲಿಕ್ಕೆ ಹೋಗುವಾಗ ಬೆಂಚಿನ ಮೇಲೆ ಕರ್ಚೀಫು ಹಾಕಿ ಸೀಟು ಹಿಡಿದಿದ್ದೆ, ಲೋಕಲ್ ಟ್ರೇನಿನಲ್ಲಿ ಹಿಡೀತೇವಲ್ಲ, ಹಾಗೆ. ಇಡೀ ಪಾರ್ಕು ಖಾಲಿ ಇತ್ತು ಮಾರಾಯ್ತಿ. ಅವನೂ ನಮ್ಮದೇ ಲೋಕಲ್ ಲೈನಿನ ಠಾಣೆ ಊರಿನವನಂತೆ."

"ನೀವೇನಂದಿರಿ?"

ಅಕ್ಕ ಸೆರಗು ಸರಿಮಾಡಿಕೊಂಡರು. "ಅಲ್ಲ, ಅದರ ಮುಂದಿನ ಸ್ಟೇಷನ್ನು, ಕಲ್ಯಾಣ ಅಂದೆ. ಅಷ್ಟು ಸುಲಭದಲ್ಲಿ ಅವನಿಗೆ ಗೆಲ್ಲಲಿಕ್ಕೆ ಬಿಡುವುದುಂಟಾ?"