ಅಪ್ಪ ತೋರಿಸಿದ ಮನೆ

2024ರ ಮಹಾಲಯ ಅಮಾವಾಸ್ಯೆ, ಬೆಳಿಗ್ಗೆ ಆರು ಗಂಟೆ, ಅಮೆರಿಕದ ಮಾರಿಸ್‌ವಿಲ್. ಅಡುಗೆಮನೆಯಲ್ಲಿ ನಾನು, ಮಗಳು ಶೈಲಾ.

ಮಾರ್ತಾ ಅವರೇ, ನಾನು ನಿಮಗೆ ಸುಳ್ಳು ಹೇಳಿದೆ. ಯುದ್ಧಕಾಲದಲ್ಲಿ ನಿಮ್ಮೂರಿನ ಪಿಯೆತ್ರೊ ಅವರ ಮನೆಯನ್ನು ಜರ್ಮನ್ ಸೈನಿಕರಿಗೆ ತೋರಿಸಿಕೊಟ್ಟವರು ಹಿಟ್ಟಿನ ಗಿರಣಿಯ ನಿಮ್ಮ ಅಜ್ಜನಲ್ಲ. ನನ್ನ ಅಪ್ಪ.

ಅಪ್ಪ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಸೈನ್ಯದಲ್ಲಿದ್ದು ಇಟಲಿಯಲ್ಲಿ ಸೆರೆಸಿಕ್ಕವರು. ಶಿಬಿರದಿಂದ ತಪ್ಪಿಸಿಕೊಂಡು ನಿಮ್ಮೂರಿಗೆ ಬಂದಾಗ ಪಿಯೆತ್ರೊ ಅವರು ಅಪ್ಪನನ್ನು ತಮ್ಮ ಹುಲ್ಲಿನ ಅಟ್ಟದಲ್ಲಿ ಬಚ್ಚಿಟ್ಟು ಚಳಿಗಾಲವಿಡೀ ಊಟ ಹಾಕಿದರು. ಒಂದು ದಿನ ಹಳ್ಳದ ಬಳಿ ಅಪ್ಪ ಮತ್ತೆ ಸಿಕ್ಕಿಬಿದ್ದರು. ಜರ್ಮನ್ನರು ಹೊಡೆದರು — ಅಪ್ಪ ಕೈ ಎತ್ತಿ ಆ ಮನೆ ತೋರಿಸಿದರು. ಪಿಯೆತ್ರೊ ತಮ್ಮ ಅಂಗಳದಲ್ಲೇ ಗುಂಡಿಗೆ ಬಲಿಯಾದರು.

ಯುದ್ಧ ಮುಗಿದು ಅಪ್ಪ ಮೈಸೂರಿಗೆ ಮರಳಿದ ಮೇಲೆ ನಮ್ಮ ಮನೆಯಲ್ಲಿ ಪ್ರತಿ ಮಹಾಲಯಕ್ಕೂ ಹಿರಿಯರ ಎಡೆಗಳ ಪಕ್ಕ ಒಂದು ಎಲೆ ಹೆಚ್ಚು. "ಯಾರಿಗಪ್ಪಾ?" ಎಂದರೆ, "ಅನ್ನ ಹಾಕಿದವರಿಗೆ ಕಣೋ" ಎನ್ನುತ್ತಿದ್ದರು. ಉಳಿದದ್ದನ್ನು ಸಾಯುವ ಮುಂಚೆ ನನಗೊಬ್ಬನಿಗೇ ಹೇಳಿದರು.

ಕಳೆದ ವರ್ಷ ನಿಮ್ಮೂರಿನ ಮೇಷ್ಟ್ರು ವಿಡಿಯೋ ಕರೆಯಲ್ಲಿ ನಮ್ಮೊಡನೆ ಮಾತನಾಡಿದರು. ಪಿಯೆತ್ರೊ ಹೆಸರಿನ ಕೆಳಗೆ ಅಪ್ಪನ ಹೆಸರನ್ನೂ ಸ್ಮಾರಕದ ಕಲ್ಲಿನಲ್ಲಿ ಕೆತ್ತಿಸುತ್ತೇವೆಂದರು. ಆಗ ನೀವು ಪರದೆಯ ಮುಂದೆ ಬಂದಿರಿ. ಪಿಯೆತ್ರೊ ಸತ್ತ ದಿನ ಪ್ರತಿ ವರ್ಷ ನಡೆಯುವ ಸಭೆಯಲ್ಲಿ ನಿಮ್ಮ ಮನೆಯವರು ಇಂದಿಗೂ ಕೊನೆಯ ಸಾಲಿನಲ್ಲಿ ನಿಲ್ಲುತ್ತಾರೆಂದು ಹೇಳಿ, ಒಂದೇ ಒಂದು ಪ್ರಶ್ನೆ ಕೇಳಿದಿರಿ.

ಶೈಲಾ ಅದನ್ನು ಕನ್ನಡದಲ್ಲಿ ನನಗೆ ಹೇಳಿದಳು: "ಅಪ್ಪಾ, ತೋರ್ಸಿದ್ದು ಯಾರೂಂತ ತಾತ ಏನಾದ್ರೂ ಹೇಳಿದ್ರಾ ಅಂತ ಕೇಳ್ತಿದಾರೆ."

"ಇಲ್ಲಮ್ಮ. ಏನೂ ಹೇಳ್ಲಿಲ್ಲ ಅನ್ನು."

ಇಡೀ ಊರೇ ಧೈರ್ಯವಾಗಿ ನಿಂತಿತ್ತು ಎಂಬ ಕಥೆಗೆ ಒಬ್ಬ ದ್ರೋಹಿ ಬೇಕಿತ್ತೇನೋ — ನಿಮ್ಮ ಅಜ್ಜ ಸಿಕ್ಕರು. ನಮ್ಮವರಿಗೆ ಒಬ್ಬ ವೀರ ಬೇಕಿತ್ತು. ಇಲ್ಲಿನ ಕನ್ನಡದವರು ಸೇರಿ ನನಗೆ ಶಾಲು ಹೊದಿಸಿದರು; ನಾನು ಹೊದ್ದುಕೊಂಡೆ. "ತಾತನಿಗೆ ಕಲ್ಲು, ನಿಮಗೆ ಶಾಲು, ನನಗೆ ಮಾತ್ರ ಪಾತ್ರೆ ತೊಳೆಯೋದು!" ಎಂದು ಶೈಲಾ ನಕ್ಕಳು. ನಾನೂ ನಕ್ಕೆ. ಕಚೇರಿಗೆ ಒಂದು ದಿನವೂ ತಡವಾಗಿ ಹೋದವನಲ್ಲ ನಾನು. ಈ ಒಂದು ಮಾತಿಗೆ —

ಇವತ್ತು ಎಲೆ ತೊಳೆಯುತ್ತ ಶೈಲಾಳಿಗೆ ಎಲ್ಲ ಹೇಳಿದೆ.

"ಕಲ್ಲಲ್ಲಿ ಕೆತ್ತಾಯ್ತಲ್ಲಪ್ಪಾ. ಈಗ?"

"ತಾತನ ಹೆಸರು ತೆಗೆದುಹಾಕ್ಲಿ. ಮಾರ್ತಾ ಅವ್ರು ಮುಂದಿನ ಸಾಲಲ್ಲಿ ನಿಂತ್ಕೊಳ್ಲಿ."

ಹೊಡೆತ ತಿಂದ ಅಪ್ಪನನ್ನು ನೀವು ಕ್ಷಮಿಸಬಹುದೇನೋ. ನನ್ನನ್ನು ಯಾರೂ ಹೊಡೆದಿರಲಿಲ್ಲ.

ಇಲ್ಲಿಯವರೆಗಿನ ಮಾತುಗಳನ್ನು ಶೈಲಾ ಇಂಗ್ಲಿಷಿನಲ್ಲಿ ಬರೆದು, ನಿಮಗೂ ಮೇಷ್ಟ್ರಿಗೂ ಕಳುಹಿಸಿದಳು. ಆಮೇಲೆ ಮೊದಲ ಬಾರಿಗೆ ಪಿಯೆತ್ರೊ ಅವರ ಹೆಸರು ಹೇಳಿ ಎಡೆ ಇಟ್ಟೆ. ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದೆ — ನಿಮ್ಮ ಅಜ್ಜನಿಗೆ. ಅವರ ಹೆಸರು ನನಗೆ ಗೊತ್ತಿಲ್ಲ, ಕೇಳಿಯೇ ಇರಲಿಲ್ಲ. ಪೂಜೆ ಮುಗಿದ ಮೇಲೆ ಎಲೆಗಳನ್ನೆಲ್ಲ ತೆಗೆದು ನೆಲ ಒರೆಸಿದೆ.