ಗಿರಣಿ ಎಂಜಿನ್ನಿನ ಹಿತ್ತಾಳೆ ಬಟ್ಟಲು

ಹಳೆಯ ಎಂಜಿನ್ ಕೊಳ್ಳುವವರಿಗೆ ನನ್ನದೊಂದು ಸಲಹೆ: ಮಾರುವವರಿಗೆ ಸುಳ್ಳು ಹೇಳಲೇಬೇಕೆಂದಿದ್ದರೆ, ಅವರು ಬಸ್ಸು ಹತ್ತಿ ಬಂದು ನೋಡಲಾಗದಂಥ ಸುಳ್ಳು ಹೇಳಿ. ನನಗೆ ಅಷ್ಟು ಹೊಳೆಯಲಿಲ್ಲ.

ಅಣೆಕಟ್ಟಿನ ಹಿನ್ನೀರು ಏರಿ ಊರುಗಳು ಮುಳುಗುತ್ತಿದ್ದ ವರ್ಷಗಳು. ಅನಗವಾಡಿ ಕಡೆಯ ಜನ ಬಾಗಿಲು, ತೊಲೆ ಕಿತ್ತುಕೊಂಡು ಹೊಸ ಜಾಗಕ್ಕೆ ಹೊರಟಿದ್ದರು. ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಒಬ್ಬ ಅಜ್ಜಿ ತನ್ನ ಆಯಿಲ್ ಎಂಜಿನ್ನನ್ನು ಒಡೆದು ಗುಜರಿಗೆ ಹಾಕುವವರಿಗೆ ಕೊಡುವುದಿಲ್ಲವೆಂದು ಹಟ ಹಿಡಿದಿದ್ದಳು.

"ಬನಹಟ್ಯಾಗ ಹಳೇ ಮಶೀನಿನ ಮ್ಯೂಸಿಯಂ ಐತಿ ಅವ್ವಾ, ಅಲ್ಲಿ ಇಡ್ತೇನಿ" ಎಂದೆ. ರೇಟು ಇಳಿಯಿತು.

ಮ್ಯೂಸಿಯಂ ಇದ್ದದ್ದು ನಿಜ. ಪವರ್‌ಲೂಮ್ ರಿಪೇರಿಯ ಮಿಸ್ತ್ರಿಯೊಬ್ಬರು ತಮ್ಮ ತಗಡಿನ ಶೆಡ್ಡಿನಲ್ಲಿ ಕೈಮಗ್ಗ, ಸೀಮೆಎಣ್ಣೆ ಫ್ಯಾನು, ಕಾಲಲ್ಲಿ ತುಳಿಯುವ ಲೇತು ಜೋಡಿಸಿಟ್ಟಿದ್ದರು. ಬೋರ್ಡಿಲ್ಲ. ನೋಡಲು ಬಂದವರಿಗಿಂತ ಚಹಾ ಕುಡಿಯಲು ಬಂದವರೇ ಹೆಚ್ಚು.

ಎಂಜಿನ್ನಿನ ಎಣ್ಣೆ ಬಟ್ಟಲು ಅಪ್ಪಟ ಹಿತ್ತಾಳೆಯದು. ಅದನ್ನು ಬಿಚ್ಚಿ ಗುಜರಿ ಅಂಗಡಿಗೆ ಮಾರಿಯಾಗಿತ್ತು, ಉಳಿದದ್ದನ್ನು ಒಡೆಯುವುದರಲ್ಲಿದ್ದೆ. ಅಷ್ಟರಲ್ಲಿ ಅಜ್ಜಿ ಹೇಳಿಕಳಿಸಿದಳು: ಖಂಡೇಪೂಜೆಗೆ, ಅಂದರೆ ಆಯುಧಪೂಜೆಯ ದಿನ, ಮ್ಯೂಸಿಯಂಗೆ ಬರುತ್ತಾಳಂತೆ, ಪ್ರತಿ ವರ್ಷ ಎಂಜಿನ್ನಿಗೆ ಕಾಯಿ ಒಡೆಯುವವಳು ಅವಳೇ ಅಂತೆ.

ಟ್ರ್ಯಾಕ್ಟರಿನಲ್ಲಿ ಎಂಜಿನ್ ಹೇರಿಕೊಂಡು ಮಿಸ್ತ್ರಿಯ ಮುಂದೆ ನಿಂತೆ. ಅವರು ಎಂಜಿನ್ ನೋಡಲಿಲ್ಲ, ನನ್ನ ಮುಖ ನೋಡಿದರು.

"ಅವಸರ ಐತೇನೋ?"

"ಇಲ್ಲ ಕಾಕಾ."

"ಹಂಗಾರ ಹಬ್ಬ ಆದಮ್ಯಾಲೆ ತಗೊಂಡ ಬಾ."

ಹಬ್ಬದ ದಿನ ಅದು ಅಲ್ಲಿರಲೇಬೇಕಿತ್ತು, ರೇಟು ಕೇಳದೆ ಪುಕ್ಕಟೆ ಇಳಿಸಿ ಬಂದೆ.

ಹಬ್ಬದ ದಿನ ಅಜ್ಜಿ ಕಾಯಿ, ಊದಿನಕಡ್ಡಿ ಹಿಡಿದು ಬಂದಳು. ಎಂಜಿನ್ನಿನ ಸುತ್ತ ಒಂದು ಸಲ ನಡೆದಳು.

"ಬಟ್ಟಲಾ ಎಲ್ಲೈತೋ?"

"ತಿಕ್ಕಾಕ ಕೊಟ್ಟೇನಿ ಅವ್ವಾ."

"ಇಷ್ಟ ವರ್ಷ ಹುಣಸಿಹಣ್ಣ ಹಚ್ಚಿ ನಾನ ತಿಕ್ಕೇನಿ, ನನಗ ಹೇಳಾಕ ಬಂದಿ! ಹೋಗಿ ತಗೊಂಡ ಬಾ. ಅಲ್ಲೀತನಾ ಕಾಯಿ ಒಡಿಯಂಗಿಲ್ಲ."

ಎಂಜಿನ್ನಿನ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕುಳಿತಳು. ಮಿಸ್ತ್ರಿ ಅವಳಿಗೆ ಚಹಾ ತರಿಸಿದರು, ನನಗಿಲ್ಲ.

ಗುಜರಿ ಅಂಗಡಿಯಲ್ಲಿ ತಕ್ಕಡಿಗೆ ಚೆಂಡು ಹೂವಿನ ಹಾರ ಬಿದ್ದಿತ್ತು.

"ತಕ್ಕಡಿ ಪೂಜಿ ಆಗೇತಿ. ಇವತ್ತ ಮಾರೂದಿಲ್ಲ, ತಗೊಳ್ಳೂದಿಲ್ಲ" ಎಂದ ಅಂಗಡಿಯವ.

"ಡಬಲ್ ರೇಟ್ ಕೊಡ್ತೇನಿ."

"ನಿನ್ನ ಬಾಯಾಗ ಡಬಲ್! ಜ್ವರಾ ಗಿರಾ ಬಂದಾವೇನೋ?" ಎಂದು ನನ್ನ ಹಣೆ ಮುಟ್ಟಿ ನೋಡಿದ.

ಹಬ್ಬದ ದಿನ ಚೌಕಾಶಿಗೆ ಹೋಗಬೇಡಿ. ಎದುರಿನವನಿಗೆ ಮಾರುವ ಗರಜೇ ಇರುವುದಿಲ್ಲ. ಕೊನೆಗೆ ಬಟ್ಟಲನ್ನು ಕಡವಾಗಿ ಕೊಟ್ಟು, ನನ್ನ ಬೈಕನ್ನು ಒತ್ತೆ ಇಟ್ಟುಕೊಂಡ. ಆಟೋದವರೂ ಆಟೋಗಳಿಗೆ ಪೂಜೆ ಮಾಡಿ ನಿಲ್ಲಿಸಿದ್ದರು. ನಡೆದೇ ಬಂದೆ.

ಅಜ್ಜಿ ಬಟ್ಟಲನ್ನು ಸೆರಗಿನಿಂದ ಒರೆಸಿ, ತಾನೇ ತಿರುಗಿಸಿ ಕೂರಿಸಿದಳು. ಕೈಯಿಂದ ಅಲುಗಿಸಿ ನೋಡಿದಳು, ಅಲುಗಲಿಲ್ಲ. ಆಮೇಲೆ ಕಾಯಿ ಒಡೆದು ಒಂದು ಹೋಳು ನನ್ನ ಕೈಗಿಟ್ಟಳು.

"ತಿನ್ನು, ಬಿಸಲಾಗ ನಡಕೋತ ಬಂದಿ" ಎಂದವಳು ಮಿಸ್ತ್ರಿಯ ಕಡೆ ತಿರುಗಿ ಸೇರಿಸಿದಳು: "ಇನ್ನಮ್ಯಾಲೆ ಇಂವ ಬಂದ್ರ ಬಾಗಲದಾಗ ನಿಂದರಸ್ರಿ, ಒಳಗ ಬಿಡಬ್ಯಾಡ್ರಿ."