ಶಾರ್ಕ್ ಮರಿಯ ಪೂರ್ತಿ ಅಳತೆ

ಸದಾ ಊರೂರು ಸುತ್ತುವ ನನಗೆ ನಾಯಿ ಸಾಕುವ ಯೋಗವಿಲ್ಲ. ಮೀನಾದರೂ ಇರಲಿ ಎಂದು ಆಫೀಸಿನಲ್ಲಿ ಊಟ ಮುಗಿಸಿ ಸಿಂಗಸಂದ್ರದ ಸಾಕುಮೀನಿನ ಅಂಗಡಿಗೆ ಹೋದೆ. ಬೆರಳುದ್ದದ ಎರಡು ಬೆಳ್ಳಿಬಣ್ಣದ ಮೀನುಗಳು ಗಾಜಿಗೆ ಮೂತಿಯಿಟ್ಟು ನನ್ನನ್ನೇ ನೋಡಿದವು. ನಿಂತಲ್ಲೇ ಹೆಸರೂ ಇಟ್ಟುಬಿಟ್ಟೆ.

“ಶಾರ್ಕ್ ಅಂತಾರೆ ಅಕ್ಕ. ಹೆಸರಿಗಷ್ಟೇ, ಪಾಪದ್ದು,” ಎಂದ ಅಂಗಡಿಯಾತ, ಕವರಿಗೆ ನೀರು ತುಂಬುತ್ತ.

“ಎಷ್ಟುದ್ದ ಬೆಳೆಯತ್ತೆ?”

ಆತ ಎರಡೂ ಕೈ ಅಗಲಿಸಿದ. ಮನೆಯಲ್ಲಿರುವ ನನ್ನ ಗಾಜಿನ ತೊಟ್ಟಿ ಅದರ ಅರ್ಧವೂ ಇಲ್ಲ.

“ಅಯ್ಯೋ, ಅಷ್ಟು ಬೆಳೆದ್ರೆ ಏನ್ರೀ ಮಾಡ್ಲಿ?”

ಆತ ನನ್ನ ಕೊರಳಿನ ಬ್ಯಾಡ್ಜ್ ನೋಡಿದ. “ನಿಮ್ಮ ಕ್ಯಾಂಟೀನಲ್ಲಿ ಬಾಸಾ ಮೀನಿನ ಫ್ರೈ ಕೊಡ್ತಾರಲ್ಲ ಅಕ್ಕ, ಅದು ಇದೇ.”

ಒಂದು ಗಂಟೆ ಹಿಂದಷ್ಟೇ ಎರಡು ತುಂಡು, ನಿಂಬೆಹಣ್ಣು ಹಿಂಡಿಕೊಂಡು ತಿಂದಿದ್ದೆ.

ಕೊನೆಗೆ ಗಪ್ಪಿ ಎಂಬ ಪುಟ್ಟ ಮೀನು ತಂದೆ. ಅದನ್ನು ಯಾರೂ ಎಲ್ಲೂ ಹುರಿಯುವುದಿಲ್ಲ ತಾನೇ ಎಂದು ಎರಡು ಸಲ ಕೇಳಿಯೇ ತಂದೆ.